ಬಾಗಿಲ ಹೊರಗಿನ ಹಾಡು

"ಇದರ ಸ್ಕ್ರೀನ್ ಎಲ್ಲಿದೆ?" ಎಂದು ಕೇಳಿದಳು ಹೇಮಾಂಗಿ.

"ಯಾರು ನೋಡೋಕೆ?" ಎಂದ ಎದುರಿಗೆ ನಿಂತವನು.

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರೆ ಏನು ಬಂತು! ಸಾಂಗಲಿಯ ಅರಿಶಿನ ಪೇಟೆಯ ಹಿಂದಿನ ಓಣಿ, ಮಹಡಿಯ ಮೇಲಿನ ಅಂಧರ ವಾಚನಾಲಯ. ಅಲ್ಲಿ ಅದು ಅವಳ ಮೊದಲ ದಿನ. ಪುಸ್ತಕಗಳನ್ನು ಓದಿ ಧ್ವನಿ ಮುದ್ರಿಸುವುದು, ಸದಸ್ಯರು ತರುವ ಪ್ಲೇಯರ್‌ಗಳಿಗೆ ಅವನ್ನು ತುಂಬಿಕೊಡುವುದು ಅವಳ ಕೆಲಸ. ಕೆನ್ನೆ ಕೆಂಪಾದದ್ದು ಇವನಿಗೆ ಕಾಣಿಸದು ಎಂದು ಸಮಾಧಾನ ಪಡುವಷ್ಟರಲ್ಲಿ ಅವನೇ ಹೇಳಿದ:

"ಉಸಿರು ಬಿಡಿ ಮೇಡಂ. ಆಗಿನಿಂದ ಹಿಡಿದುಕೊಂಡೇ ಇದ್ದೀರಿ, ಕೇಳಿಸ್ತಿದೆ."

ಧೈರ್ಯಶೀಲ ಮಗ್ದೂಮ ಅವನ ಹೆಸರು. ಹುಟ್ಟಿನಿಂದ ಕಣ್ಣಿಲ್ಲ. ಇತಿಹಾಸ ಓದಿಕೊಂಡು ಊರಿನ ಕಾಲೇಜೊಂದರಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದ. ಅವನ ಕೈಯಲ್ಲಿದ್ದ ಪ್ಲೇಯರ್ ಸಾಬೂನಿನ ಬಿಲ್ಲೆಯಷ್ಟು ದಪ್ಪ, ಮೈತುಂಬ ಅಂಕಿಯ ಗುಂಡಿಗಳು.

"ಐದರ ಮೇಲೊಂದು ಚುಕ್ಕೆ ಇದೆ, ಮುಟ್ಟಿ ನೋಡಿ. ದಾರಿ ತಪ್ಪಿದರೆ ಅಲ್ಲಿಗೆ ಬರೋದು. ಒಂದನ್ನು ಒತ್ತಿದರೆ ಕಪಾಟು ಬದಲಾಗುತ್ತೆ. ಪುಸ್ತಕದ ಕಪಾಟು, ಹಾಡಿನ ಕಪಾಟು, ಟಿಪ್ಪಣಿಯ ಕಪಾಟು. ತುಂಬುವ ಮೊದಲು ಚಾರ್ಜ್ ನೋಡಿ. ಅರ್ಧಕ್ಕೆ ಉಸಿರು ನಿಂತರೆ ತುಂಬಿದ್ದೆಲ್ಲ ಹಾಳು."

"ಇದರ ಚಾರ್ಜ್?"

ಅವನು ಗುಂಡಿಯೊಂದನ್ನು ಒತ್ತಿದ. 'ಬ್ಯಾಟರಿ ಪೂರ್ತಿ ತುಂಬಿದೆ' ಎಂದಿತು ಡಬ್ಬಿ, ಹೊಟ್ಟೆ ತುಂಬ ಉಂಡವರ ದನಿಯಲ್ಲಿ.

"ನಾನು ಉಪವಾಸ ಇದ್ದರೂ ಇದನ್ನು ಉಪವಾಸ ಕೆಡವಲ್ಲ," ಎಂದು ನಕ್ಕ ಧೈರ್ಯಶೀಲ.

ಆ ನಗು ಮೊದಲು ಎಡಗೆನ್ನೆಯಲ್ಲಿ ಹುಟ್ಟಿ, ಯೋಚಿಸಿ, ಆಮೇಲೆ ಬಲಗಡೆಗೆ ಹೋಗುತ್ತಿತ್ತು. ಹೇಮಾಂಗಿ ಅದನ್ನು ನೋಡುತ್ತಾ ಕೇಬಲನ್ನು ತಿರುವುಮುರುವಾಗಿ ಚುಚ್ಚಿದಳು.

ಆಮೇಲಿನ ಶನಿವಾರಗಳಿಗೆ ಅರಿಶಿನದ ಘಮ ಬಂತು. ಪೇಟೆಯ ಘಮ ಮೆಟ್ಟಿಲು ಹತ್ತಿ ಬರುವ ಹೊತ್ತಿಗೇ ಅವನೂ ಹತ್ತಿ ಬರುತ್ತಿದ್ದ. ಕಂಬಿ ಹಿಡಿಯದೆ, ರಾಜಸಭೆಗೆ ಬಂದವನ ಹಾಗೆ. ಜೇಬಿನಲ್ಲಿ ಭಡಂಗ್ ಪೊಟ್ಟಣ. ಖಾರದ ಮಂಡಕ್ಕಿಯನ್ನು ಅವಳ ಮೇಜಿನ ಮೇಲಿಟ್ಟು, "ಇದು ಲಂಚ. ಹೊಸ ಪುಸ್ತಕ ಮೊದಲು ನನಗೆ," ಎನ್ನುತ್ತಿದ್ದ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಸದಾ ಕಾದಂಬರಿ ಕೇಳುತ್ತಾ ಕೂರುವ, ಎಲ್ಲರಿಗೂ ಚಿಕ್ಕಮ್ಮನಂತಿದ್ದ ದ್ವಾರಕಾ ಮಾವಶಿ, "ನಮಗ್ಯಾರೂ ಲಂಚ ಕೇಳಲ್ಲಪ್ಪ, ಕೊಡೋದೂ ಇಲ್ಲ," ಎಂದು ಗೊಣಗುತ್ತಿದ್ದಳು. ಮಾವಶಿಗೆ ಮುಪ್ಪಿನಲ್ಲಿ ಕಣ್ಣು ಹೋಗಿತ್ತು. ಬಾಯಿಗೆ ಮಾತ್ರ ಯಾವ ಮುಪ್ಪೂ ಬಂದಿರಲಿಲ್ಲ.

ಒಂದು ಸಲ ಅವನು ಪುಸ್ತಕ ಕೇಳುವ ರೀತಿ ನೋಡಿ ಅವಳು ದಂಗಾದಳು. ಮೂರು ಪಟ್ಟು ವೇಗ! ಗುಬ್ಬಿಗಳ ಜಗಳದಂತೆ ಚಿಲಿಪಿಲಿ ಬಿಟ್ಟರೆ ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ಅವನೋ ಆ ಚಿಲಿಪಿಲಿಯ ನಡುವೆ ಭಡಂಗ್ ಮೆಲ್ಲುತ್ತಾ ಪಾಣಿಪತದ ಸೋಲಿಗೆ ನಿಟ್ಟುಸಿರು ಬಿಟ್ಟ.

"ಹಾಗಾದರೆ ನಾನು ಗಂಟಲು ನೋಯಿಸಿಕೊಂಡು ಓದಿದ್ದನ್ನೂ ಹೀಗೇ ಗುಬ್ಬಿ ಮಾಡ್ತೀರಾ?"

ಅವನ ಕಿವಿಯ ತುದಿ ಕೆಂಪೇರಿತು.

"ನೀವು ಓದಿದ್ದನ್ನು ನಿಧಾನಕ್ಕೇ ಕೇಳ್ತೀನಿ. ಮುಗಿದು ಹೋಗಿಬಿಡುತ್ತಲ್ಲ ಅಂತ."

ಆ ದಿನ ಹೇಮಾಂಗಿ ಮನೆಗೆ ನಡೆದು ಹೋದಳೋ ತೇಲಿ ಹೋದಳೋ, ಕೃಷ್ಣಾ ನದಿಯ ಸೇತುವೆಗೇ ಗೊತ್ತು.

ದೀಪಾವಳಿ ಕಳೆದ ಮೇಲೆ ಅವನು ಸುದ್ದಿ ತಂದ. ನಾಗಪುರದ ಕಾಲೇಜಿನಲ್ಲಿ ಕಾಯಂ ನೌಕರಿ. ಹೇಳಿದವನ ಮುಖದಲ್ಲಿ ಸಂತೋಷವೂ ಸಂಕಟವೂ ಜಾಗಕ್ಕಾಗಿ ತಳ್ಳಾಡುತ್ತಿದ್ದವು. ಪ್ಲೇಯರನ್ನು ಕೈಯಿಂದ ಕೈಗೆ ಬದಲಾಯಿಸುತ್ತಾ ನಿಂತ.

"ಊರು ದೊಡ್ಡದು. ಪುಸ್ತಕ ಓದುವವರು ಅಲ್ಲೂ ಇರ್ತಾರೆ. ಆದರೆ... ನೀವು ಬಂದುಬಿಟ್ಟರೆ ಹುಡುಕೋ ಕೆಲಸ ತಪ್ಪುತ್ತೆ. ಅಂದರೆ, ಓದೋಕೆ ಅಲ್ಲ. ಅಂದರೆ, ಓದೋಕೂ..."

"ಹೆಸರಿಗೆ ಮಾತ್ರ ಧೈರ್ಯಶೀಲ! ನೆಟ್ಟಗೆ ಕೇಳೋ," ಎಂದಳು ಬೆಂಚಿನಿಂದ ಮಾವಶಿ.

"ನನ್ನ ಜೊತೆ ಬರ್ತೀರಾ, ಹೇಮಾಂಗಿ? ಮದುವೆಯಾಗಿ?"

ಊರಿಗೆಲ್ಲ ಓದಿ ಹೇಳುವ ಹುಡುಗಿಗೆ ಆಗ ಸ್ವಂತ ಮಾತೊಂದೂ ಸಿಗಲಿಲ್ಲ. "ಪ್ಲೇಯರ್ ಬಿಟ್ಟು ಹೋಗಿ, ಸರ್," ಎಂದಷ್ಟೇ ಹೇಳಿದಳು. "ಅದರಲ್ಲಿ ನನ್ನ ಅಜ್ಜಿಯ ಕತೆಯೊಂದನ್ನು ತುಂಬಿ ಮನೆಗೆ ಕಳಿಸಿಕೊಡ್ತೀನಿ. ಕೊನೆವರೆಗೆ ಕೇಳಿ. ಉತ್ತರ ಅದರಲ್ಲಿರುತ್ತೆ."

ಮಧ್ಯಾಹ್ನ ಮನೆಯವರು ಒರಗಿದ ಹೊತ್ತು ನೋಡಿ, ಸದ್ದು ಬರದಂತೆ ಸುತ್ತ ಕೌದಿ ಒಡ್ಡಿಕೊಂಡು ಹೇಮಾಂಗಿ ಆ ಕತೆ ಹೇಳಿ ಮುದ್ರಿಸಿದಳು. ಕೃಷ್ಣೆಯ ದಡದಲ್ಲೊಬ್ಬಳು ರಾಜಕುಮಾರಿ. ಅವಳ ಮೇಲೆ ಮನಸ್ಸಿಟ್ಟವನೊಬ್ಬ ಅಂಬಿಗ. ಅವಳು ಕೇಳಿದ್ದನ್ನೆಲ್ಲ ತಂದ: ಸುಳಿಯ ಮುತ್ತು, ಆಚೆ ದಡದ ಕೇದಗೆ, ಮೀನು ನುಂಗಿದ ಚಂದ್ರನ ಚೂರು. ಕಡೆಗೆ ಬರಿಗೈಲಿ ಬಂದು, 'ಇನ್ನು ನಾನೊಬ್ಬನೇ ಉಳಿದಿರೋದು, ಸಾಕೇನು?' ಎಂದು ಕೇಳಿದ. ರಾಜಕುಮಾರಿ ಮಾತಾಡಲಿಲ್ಲ. ಅರಮನೆಯ ದೊಡ್ಡ ಬಾಗಿಲು ಮುಚ್ಚಿಕೊಂಡಿತು. ಅಲ್ಲಿಗೆ ಅಜ್ಜಿ ಕತೆ ನಿಲ್ಲಿಸಿ, ರಾಜಕುಮಾರಿಯ ಬಾಯಲ್ಲಿ ಬೀಸುಕಲ್ಲಿನ ಹಾಡೊಂದನ್ನು ಹಾಡುತ್ತಿದ್ದಳು. ಹೇಮಾಂಗಿಯೂ ಹಾಡಿದಳು. ಹಾಡಿ ಮುಗಿಸುವಾಗ ಕೌದಿಯ ಒಳಗೇ ನಾಚಿಕೊಂಡಳು.

ತುಂಬುವಾಗ ಅಡುಗೆಮನೆಯ ಡಬ್ಬಿ ಜೋಡಿಸುವವಳ ಒಪ್ಪ ಅವಳದು. ಕತೆಯನ್ನು ಪುಸ್ತಕದ ಕಪಾಟಿಗೆ ಹಾಕಿದಳು. ಹಾಡು ಹಾಡಲ್ಲವೇ? ಅದನ್ನು ಹಾಡಿನ ಕಪಾಟಿಗೆ ಹಾಕಿದಳು.

ಮುಂದಿನ ಶನಿವಾರ ಅವನು ಬರಲಿಲ್ಲ. ಬೆಳಿಗ್ಗೆಯೇ ಬರುತ್ತಾನೆಂದು ಹೊಸ ಸೀರೆ ಉಟ್ಟಿದ್ದಳು. ಸಂಜೆಗೆ ಅದರ ನೆರಿಗೆಯೂ ಅವಳ ಮುಖವೂ ಒಂದೇ ಥರ ಬಾಡಿದ್ದವು. 'ಹೌದು ಎಂದದ್ದೇ ತಪ್ಪಾಯಿತೇ? ಇಷ್ಟು ಬೇಗ ಮನಸ್ಸು ತಿರುಗಿತೇ?'

ಅದರ ಮುಂದಿನ ಶನಿವಾರ ಬಂದ. ಈ ಸಲ ಕಂಬಿ ಹಿಡಿದುಕೊಂಡು. ಭಡಂಗ್ ಇರಲಿಲ್ಲ. ಪ್ಲೇಯರನ್ನು ಮೇಜಿನ ಮೇಲಿಟ್ಟ.

"ನಾಳೆ ನಾಗಪುರಕ್ಕೆ ಹೊರಟೆ. ಕತೆಯನ್ನು ಅಳಿಸಿಕೊಡಿ, ಮೇಡಂ. ಪಾಠದ ಪುಸ್ತಕಗಳಿಗೆ ಜಾಗ ಬೇಕು."

ಹೆಸರು ಹಿಡಿದು ಕರೆದವನು ಮತ್ತೆ ಮೇಡಂ ಎಂದಿದ್ದಾನೆ! ಹೇಮಾಂಗಿ ತುಟಿ ಬಿಗಿದು ಪ್ಲೇಯರಿನ ಗುಂಡಿ ಒತ್ತಿದಳು. ಸದ್ದಿಲ್ಲ. ಮತ್ತೆ ಒತ್ತಿದಳು. ತನ್ನ ಚಾರ್ಜ್ ಮುಗಿದಿದೆಯೆಂದು ಹೇಳುವಷ್ಟು ಚಾರ್ಜೂ ಅದಕ್ಕೆ ಉಳಿದಿರಲಿಲ್ಲ.

"ಉಪವಾಸ ಕೆಡವಲ್ಲ ಅಂದಿದ್ದಿರಿ."

"ಒಂದೇ ಕತೆ ಮತ್ತೆ ಮತ್ತೆ ಕೇಳಿದೆ," ಎಂದ ಅವನು ಮೆಲ್ಲಗೆ. "ಚಾರ್ಜಿಗೆ ಹಾಕೋದು ನೆನಪಾಗಲಿಲ್ಲ."

ಬೇಡದ ಕತೆಯನ್ನು ಯಾರು ಡಬ್ಬಿ ಸಾಯುವ ತನಕ ಕೇಳುತ್ತಾರೆ? ಅವಳಿಗೆ ಅರ್ಥವಾಗಲಿಲ್ಲ. ಕೇಬಲ್ ಚುಚ್ಚಿದಳು. ವಾಚನಾಲಯದ ಚಾರ್ಜರಿನ ಕೇಬಲ್ ಮೊಳದುದ್ದ. ಪ್ಲೇಯರ್ ಜೀವ ಹಿಡಿಯುವ ತನಕ ಇಬ್ಬರೂ ಒಂದೇ ಮೂಲೆಯಲ್ಲಿ, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಕುವಂತೆ ನಿಲ್ಲಬೇಕಾಯಿತು. ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು. ಬೆರಳ ತುದಿಯಲ್ಲಿ ಲೋಕವನ್ನೇ ತಿಳಿಯುವವನು ಇವತ್ತು ತನ್ನ ಅಂಗಿಯನ್ನೂ ಮುಟ್ಟಿ ನೋಡಿಕೊಂಡಿಲ್ಲ.

ಡಬ್ಬಿ ಕುಂಯ್ ಎಂದು ಎಚ್ಚೆತ್ತಿತು. ಕಂಪ್ಯೂಟರಿಗೆ ಸೇರಿಸಿ, ಕತೆಯ ಮೇಲೆ ಗುರುತು ತಂದು ನಿಲ್ಲಿಸಿದಳು. ಒಂದು ಬೆರಳು ಒತ್ತಿದರೆ ಮುಗಿಯಿತು. ಆ ಬೆರಳೇ ಹಟ ಹಿಡಿಯಿತು.

"ಹಾಡನ್ನೂ ಅಳಿಸಲಾ?" ಎಂದಳು. ದನಿಯಲ್ಲಿ ಕಣ್ಣೀರು ಬೇಡವೆಂದರೂ ಬಂತು.

"ಯಾವ ಹಾಡು?"

"ಯಾವ ಹಾಡು ಅಂದರೆ? ರಾಜಕುಮಾರಿಯದು."

"ರಾಜಕುಮಾರಿ ಎಲ್ಲಿ ಹಾಡಿದಳು? ಬಾಗಿಲು ಮುಚ್ಚಿಕೊಂಡಳಲ್ಲ. ಅಂಬಿಗ ಕೇಳಿದ, ಅವಳು ಬಾಗಿಲು ಮುಚ್ಚಿದಳು, ಕತೆ ಮುಗೀತು." ಅವನು ಮುಖ ಆಚೆ ತಿರುಗಿಸಿದ. "ಉತ್ತರ ಚೆನ್ನಾಗೇ ಹೇಳಿದ್ದಿರಿ."

ವಾಚನಾಲಯದಲ್ಲಿ ಎಲ್ಲರ ಇಯರ್‌ಫೋನ್‌ಗಳೂ ಕಿವಿಯಿಂದ ಇಳಿದವು. ಮಾವಶಿ ತನ್ನ ಕಾದಂಬರಿಯನ್ನು ನಿಲ್ಲಿಸಿದಳು. ಇಲ್ಲಿ ನಡೆಯುತ್ತಿದ್ದದ್ದು ಅದಕ್ಕಿಂತ ರುಚಿಯಾಗಿತ್ತು.

"ಅಯ್ಯೋ! ಹಾಡು ಹಾಡಿನ ಕಪಾಟಿನಲ್ಲಿದೆ!" ಎಂದು ಕೂಗಿದಳು ಹೇಮಾಂಗಿ.

"ಅಲ್ಲಿಯಾ? ಅಲ್ಲಿ ಅಮ್ಮ ಹಾಕಿಸಿದ ಭಜನೆಗಳಿವೆ. ನಾನು ಅತ್ತ ಕಾಲೇ ಇಡಲ್ಲ."

"ಅಲ್ಲ ಪೋರಿ," ಎಂದಳು ಮಾವಶಿ, "ಕತೆ ಒಂದು ಕಡೆ, ಅದರ ಬಾಲ ಇನ್ನೊಂದು ಕಡೆ ಇಟ್ಟರೆ ಹುಡುಗ ಹ್ಯಾಗೆ ಹಿಡೀಬೇಕು? ಕಣ್ಣಿದ್ದವರ ಅಚ್ಚುಕಟ್ಟು ಇಷ್ಟೇ!"

ಧೈರ್ಯಶೀಲನ ಬೆರಳುಗಳು ಆಗಲೇ ಕೇಬಲ್ ಬಿಡಿಸಿ ಒಂದರ ಗುಂಡಿ ಒತ್ತಿದ್ದವು. ಭಜನೆ ದಾಟಿದ, ಆರತಿ ದಾಟಿದ, ಅವಳ ದನಿ ಸಿಕ್ಕೊಡನೆ ನಿಂತ. ವೇಗ ಇಳಿಸಿದ. ಇಯರ್‌ಫೋನ್ ಕಿವಿಗಿಟ್ಟುಕೊಂಡ.

ಹೇಮಾಂಗಿಗೆ ಏನೂ ಕೇಳಿಸುತ್ತಿರಲಿಲ್ಲ. ಆದರೂ ಹಾಡು ಎಲ್ಲಿಗೆ ಬಂತೆಂದು ಅವನ ಮುಖದಲ್ಲಿ ಓದುತ್ತಿದ್ದಳು. ಇಗೋ, ಹುಬ್ಬು ಕೂಡಿತು. ಅದು ಮೊದಲ ಸಾಲು.

*ಬಾಗಿಲ ಮುಚ್ಚಿದೆ ಹೊರಗ ನಿಂತು,*
*ಹೋಗಬ್ಯಾಡೊ ಅಂಬಿಗ, ಬರತೇನ ತಾಳೊ,*
*ಸಾಗಲಿ ದೋಣಿ ಇಬ್ಬರದು.*

ಹುಬ್ಬು ಬಿಚ್ಚಿತು. ಎಡಗೆನ್ನೆಯಲ್ಲಿ ಅದೇ ನಗು ಹುಟ್ಟಿ, ಈ ಸಲ ಯೋಚಿಸದೆ ಬಲಕ್ಕೆ ಓಡಿತು. ಕಣ್ಣ ತುದಿಯಿಂದ ಒಂದು ಹನಿ ಜಾರಿ ಮೂಗಿನ ಪಕ್ಕ ನಿಂತಿತು. ಒರೆಸಿಕೊಳ್ಳದೆಯೇ ಅವನು ಕೇಳಿದ:

"ಹೊರಗಿನಿಂದ ಮುಚ್ಚಿದಳಾ? ಅವನ ಜೊತೆ ಹೋಗೋಕೆ, ಅರಮನೆಗೇ ಬೀಗ ಹಾಕಿಕೊಂಡು?"

"ಹೂಂ."

"ಅದು ನಿಮ್ಮ ಅಜ್ಜಿಯ ರಾಜಕುಮಾರಿಯ ಉತ್ತರ. ನಿಮ್ಮದು?"

ಹೇಮಾಂಗಿ ತಲೆಯಾಡಿಸಿದಳು. ಅವನು ಕಾಯುತ್ತಲೇ ಇದ್ದ. ಇನ್ನಷ್ಟು ಜೋರಾಗಿ ತಲೆಯಾಡಿಸಿದಳು. ಬೆಂಚಿನವರೂ ಕಾಯುತ್ತಿದ್ದರು, ಕತ್ತು ಚಾಚಿ, ಉಸಿರು ಬಿಗಿಹಿಡಿದು. ಆ ಕೋಣೆಯಲ್ಲಿ ತಲೆಯಾಡಿಸಿದ್ದು ಕಾಣುವ ಜೀವ ಒಂದೂ ಇಲ್ಲವೆಂದು ಆಗ ಹೊಳೆದು ಅವಳಿಗೆ ಅಳುವಿನಲ್ಲೇ ನಗು ಬಂತು. ಬಾಯಿ ಬಿಡಲೇಬೇಕಿತ್ತು. ಇಷ್ಟು ದಿನ ಬಾಯಿತುಂಬ ಸರ್ ಎಂದವಳು ಕೈ ಚಾಚಿ, ತಪ್ಪಿದ್ದ ಅಂಗಿಯ ಗುಂಡಿಯನ್ನು ಬಿಚ್ಚಿ ಸರಿಯಾದ ಮನೆಗೆ ಹಾಕಿದಳು.

"ರೀ," ಎಂದಳು. "ನಾಗಪುರಕ್ಕೆ ಟಿಕೆಟ್ ಒಂದೇ ತೆಗೆಸಿದ್ದೀರೋ ಹೇಗೆ?"

ಎಷ್ಟು ಮೆಲ್ಲಗೆ ಅಂದಿದ್ದಳೆಂದರೆ, ಬೇರೆಲ್ಲಾದರೂ ಆಗಿದ್ದರೆ ಪಕ್ಕದವರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ ಮೂಲೆಮೂಲೆಯಿಂದ ಚಪ್ಪಾಳೆ ಎದ್ದಿತು.

"'ರೀ' ಅಂದಳು! ಕೇಳಿದಿರಾ?" ಎಂದು ಬೆಂಚು ಬಡಿದಳು ಮಾವಶಿ. "ಏ ಧೈರ್ಯಶೀಲಾ, ಟಿಕೆಟ್ ಹರಿದು ಹಾಕು! ಮೊದಲು ಅವಳ ಅಪ್ಪನ ಮನೆಗೆ ನಡಿ!"