ಗೋಡೆಯ ಮೇಲಿನ ಕೆಂಪು ಸಿಲಿಂಡರ್

ಜೋಗೇಶ್ವರಿ ಬಡಾವಣೆಯ ಶಿಲ್ಪದ ವರ್ಕ್‌ಶಾಪಿನಲ್ಲಿ ಹೆಣ ಸಿಕ್ಕಿದ್ದು ಬೆಂಕಿ ಆರಿದ ಮೇಲೆ, ಬೆಳಗ್ಗೆ ಹತ್ತಕ್ಕೆ. ಸತ್ತವನು ಅಲ್ಲಿನ ಕೆಲಸಗಾರ ಮುಜಾಹಿದ. ಅವನಿಗೂ ಬಾಗಿಲಿಗೂ ನಡುವೆ ಬೆಂಕಿ ಎದ್ದಿತ್ತು. ಬೆಂಕಿ ನಂದಿಸುವ ಸಿಲಿಂಡರನ್ನು ಎದೆಗೆ ಅವಚಿಕೊಂಡೇ ಬಿದ್ದಿದ್ದ.

ಇನ್ಸ್‌ಪೆಕ್ಟರ್ ಧನರಾಜ್ ಸಿಲಿಂಡರನ್ನು ತಟ್ಟಿ ನೋಡಿದರು. ಲೋಹದ ಸದ್ದು ಬರಲಿಲ್ಲ. ಸಿಮೆಂಟು.

“ನಕಲು ಸರ್,” ಎಂದ ಯಜಮಾನ, ಶಿಲ್ಪಿ ಮನೀಶ್. “ದಿನಾ ಬಳಸೋ ವಸ್ತುಗಳ ನಕಲೇ ನನ್ನ ಆರ್ಟ್. ಬಕೆಟ್, ಕುಕ್ಕರ್, ಚಪ್ಪಲಿ. ಕೈಕೆಲಸ ಇವನದ್ದು. ಅಸಲಿ ಸಿಲಿಂಡರ್ ಭಂಗಾರಕ್ಕೆ, ಗುಜರಿಗೆ ಮಾರಿ ಇದನ್ನ ಗೋಡೆಗೆ ಹಾಕಿದ್ದಾನೆ. ಕ್ಯಾ ಕರೇಂ, ನಂಬಿ ಕೆಟ್ಟೆ.”

ಧನರಾಜ್ ಹೆಣದ ಕೈ ನೋಡಿದರು. ಹೆಬ್ಬೆರಳಿನ ಉಗುರು ಕಿತ್ತುಬಂದಿತ್ತು.

* * *

ಎರಡು ದಿನ ಜೋಗೇಶ್ವರಿಯಿಂದ ಬೈಕುಲ್ಲಾವರೆಗಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ್ದಾಯಿತು. ಕೆಂಪು ಸಿಲಿಂಡರ್ ಯಾರೂ ಕೊಂಡಿರಲಿಲ್ಲ.

ಸ್ಟೇಷನ್ನಿನಲ್ಲಿ ಮುಜಾಹಿದನ ತಾಯಿ ಬೀಬೀಜಾನ ಕಾದು ಕುಳಿತಿದ್ದಳು.

“ಇಡೀ ಚಾಳ ಕಳ್ಳನ ತಾಯಿ ಅಂತೈತ್ರಿ ಸಾಹೇಬ್ರ. ಮಣ್ಣಿಗೆ ನಾಕ್ ಮಂದಿ ಬರಲಿಲ್ಲ.”

“ಅಮ್ಮ, ನಕಲು ಮಾಡೋದ್ರಲ್ಲಿ ಅವ ಅಷ್ಟು ಹುಷಾರಿದ್ದನಾ?”

“ಒಮ್ಮೆ ಮಣ್ಣಿನ ಬದನೀಕಾಯಿ ಮಾಡಿ ನನ್ ಬುಟ್ಯಾಗ ಇಟ್ಟಿದ್ದ. ಈಳಿಗಿಗೆ ಹಚ್ಚಿದ ಮ್ಯಾಲ ಗೊತ್ತಾತ್ರಿ. ಬೇವರ್ಸಿ ಅಂತ ಬೈದೆ. ಬಿದ್ದು ಬಿದ್ದು ನಕ್ಕ.” ಸೆರಗು ಬಾಯಿಗೆ ಹೋಯಿತು. “ಅಂವ ಕಳ್ಳ ಅಲ್ರಿ. ಅದೊಂದು ಮಾತು ನಾಕ್ ಮಂದ್ಯಾಗ ಹೇಳ್ರಿ, ಸಾಕು.”

* * *

ಅಂಧೇರಿಯ ಗ್ಯಾಲರಿಯಲ್ಲಿ ಮನೀಶನ ಪ್ರದರ್ಶನ. ಬಿಳಿ ಪೀಠದ ಮೇಲೆ ಕೆಂಪು ಸಿಲಿಂಡರ್, ಸುತ್ತ ಹಗ್ಗ. ಪಕ್ಕದ ಚೀಟಿಯಲ್ಲಿ: ‘ಸಿಮೆಂಟು, ಬಣ್ಣ. ಒಂದೇ ಪ್ರತಿ. ಅಚ್ಚನ್ನು ಒಡೆಯಲಾಗಿದೆ.’

“ಅಚ್ಚು ಒಡೆದದ್ದು ಹೌದಾ?” ಧನರಾಜ್ ಕೇಳಿದರು.

“ಹಂಡ್ರೆಡ್ ಪರ್ಸೆಂಟ್. ನಾನೇ ಒಡೆದೆ,” ಎಂದ ಮನೀಶ್.

“ಹಾಗಾದ್ರೆ ನಕಲು ಒಂದೇ. ಅದು ನನ್ನ ಸ್ಟೇಷನ್ನಲ್ಲುಂಟು. ಇದು ಯಾವುದು ಮಾರಾಯ?”

“ಸರ್, ಮುಟ್ಬೇಡಿ—”

ಧನರಾಜ್ ಹಗ್ಗ ದಾಟಿದರು. ಪಿನ್ ಎಳೆದು ಹಿಡಿ ಒತ್ತಿದರು. ಬುಸ್ಸೆಂದು ಬಿಳಿ ಪುಡಿ ಮನೀಶನ ಕಪ್ಪು ಕುರ್ತಾದ ಮೇಲೆಲ್ಲ ಹಾರಿತು. ನೋಡಲು ಬಂದವರು ಇದೂ ಕಲೆಯೆಂದುಕೊಂಡು ಚಪ್ಪಾಳೆ ತಟ್ಟಿದರು.

“ಸ್ಟೇಷನ್ನಲ್ಲಿರೋ ನಕಲಿನ ಪಿನ್ ಮೇಲಿನ ಬಣ್ಣದಲ್ಲಿ ಅವನ ಉಗುರಿನ ಗೀರುಂಟು. ತಾನೇ ತೂಗುಹಾಕಿದ ನಕಲಾದ್ರೆ, ಉರಿಯೋ ಬೆಂಕಿಯಲ್ಲಿ ನಿಂತು ಅದರ ಪಿನ್ ಯಾರು ಎಳೀತಾರೆ? ಅವ ಅದನ್ನ ಅಸಲೆಂದೇ ನಂಬಿದ್ದ. ಅವನಿಲ್ಲದಾಗ ಬದಲಾಯಿಸಿದ್ದು ನೀವು. ವರ್ಕ್‌ಶಾಪಿನ ಇನ್ನೊಂದು ಕೀಲಿ ಇರೋದು ನಿಮ್ಮ ಹತ್ರ ಮಾತ್ರ.”

ಮನೀಶ್ ಕುರ್ತಾ ಕೊಡವುವುದನ್ನು ನಿಲ್ಲಿಸಿದ. “ಮಜಾಕ್ ಅಷ್ಟೇ ಸರ್. ಅಸಲನ್ನೇ ಇಟ್ಟು, ಜನ ‘ವಾಹ್, ಎಂಥ ನಕಲು’ ಅನ್ನೋದು ನೋಡ್ಬೇಕಿತ್ತು. ಶೋ ಮುಗಿದ ಮೇಲೆ ವಾಪಸ್ ಇಡ್ತಿದ್ದೆ.”

“ಸತ್ತವನನ್ನ ಕಳ್ಳ ಅಂದದ್ದೂ ಮಜಾಕಾ? ನಡೀರಿ.”

* * *

ಚಾಳಿನ ಅಂಗಳದಲ್ಲಿ, ನಾಲ್ಕು ಜನರ ಎದುರಿಗೇ, ಧನರಾಜ್ ಎಲ್ಲವನ್ನೂ ಬಿಡಿಸಿ ಹೇಳಿದರು. ಜನ ತಲೆ ತಗ್ಗಿಸಿ ಚದುರಿದರು. ಬೀಬೀಜಾನ ಮಾತ್ರ ಕದಲಲಿಲ್ಲ.

“ಆ ನಕಲು ಮಾಡಿದಾಂವ ನನ್ ಮಗನ ಅಲ್ಲೇನ್ರಿ? ದಿನಾ ಗ್ವಾಡಿ ಮ್ಯಾಲ ಕಣ್ಮುಂದ ಇತ್ತು. ಗುರ್ತ ಹತ್ತಲಿಲ್ಲೇನ್ರಿ?”

“ಅಷ್ಟು ಚೆನ್ನಾಗಿ ಮಾಡಿದ್ದ ಅಮ್ಮ. ತೂಕ ಕೂಡ ಹಾಗೇ ಉಂಟು.”

ಅವಳು ಅಲ್ಲೇ ಕುಳಿತು ತನ್ನ ಅಂಗೈ ನೋಡಿಕೊಂಡಳು.

“ಒಂದೀಟು ಕೆಟ್ಟ ಮಾಡಿದ್ರ, ನನ್ ಮಗ ಉಳೀತಿದ್ನೇನ್ರಿ?”

ಧನರಾಜ್ ಟೋಪಿ ತೆಗೆದರು. ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತರು.