ಮೂರು ಕಾಲಿನ ಓಟ

"ಕಾಲು ಹತ್ತಿರ ತನ್ನಿ ಮೇಡಂ, ಕಚ್ಚಲ್ಲ ಅವರು!"

ಕೊರಳಿಗೆ ಸೀಟಿ ನೇತುಹಾಕಿಕೊಂಡಿದ್ದ ಟ್ರೈನರ್ ಜೀಷಾನ್ ಹಲ್ಲು ಕಿರಿಯುತ್ತಾ ಪದ್ಮಶ್ರೀಯ ಎಡಗಾಲನ್ನು ಶರಣುವಿನ ಬಲಗಾಲಿಗೆ ಬಿಗಿದ.

ಛೀ! ಇಡೀ ಆಫೀಸಿನಲ್ಲಿ ಇವನೇ ಬೇಕಿತ್ತಾ?

ಅವನ ತೋಳು ತಾಗಿದ್ದೇ ತಡ, ಎದೆ ಮಾತ್ರ ಮಾನ ಮರ್ಯಾದೆ ಇಲ್ಲದೆ ಹೊಡೆದುಕೊಳ್ಳತೊಡಗಿತು.

ಗೊರಗುಂಟೆಪಾಳ್ಯದ ಪಾರ್ಸೆಲ್ ಕಂಪನಿಯವರನ್ನೆಲ್ಲ ಭಾನುವಾರ ಬೆಳಿಗ್ಗೆಯೇ ಬಸ್ಸಿಗೆ ತುಂಬಿ, ಯಲಹಂಕದ ಆಚೆಯ ಈ ರೆಸಾರ್ಟಿಗೆ ಒಗ್ಗಟ್ಟಿನ ಆಟಗಳಿಗೆಂದು ತಂದು ಸುರಿದಿದ್ದರು. ಎಲ್ಲರಿಗೂ ಗಿಣಿಹಸಿರು ಟೀ ಶರ್ಟು. ಎಲ್ಲರಿಗೂ ಒಂದೇ ಅಳತೆ!

"ನಾವೆಲ್ಲಾ ಒಂದೇ ಫ್ಯಾಮಿಲಿ!" ಮ್ಯಾನೇಜರ್ ವೆಂಕಟೇಶಪ್ಪ ಮೈಕಿನಲ್ಲಿ ಗದ್ಗದಿತರಾದರು.

ಪದ್ಮಶ್ರೀಯ ಅಜ್ಜಿ ತೀರಿಕೊಂಡ ದಿನ ಅರ್ಧ ದಿನದ ರಜೆಗೂ ಮುಖ ಸಿಂಡರಿಸಿದ ಮಹಾನುಭಾವರು ಇವರೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ!

ಅವಳಿಗೆ ಬೇರೆ ಸಂಕಟವೂ ಇತ್ತು. ಶರಣು ಹುಬ್ಬಳ್ಳಿ ಬ್ರಾಂಚಿಗೆ ತಾನಾಗಿಯೇ ವರ್ಗಾವಣೆ ಕೇಳಿದ್ದ. ನಾಳೆ ಅವನು ಕೊನೆಯ ಒಪ್ಪಿಗೆ ಕೊಟ್ಟರೆ ಮುಗಿಯಿತು.

ಹೋಗೋನು ಹೋಗ್ಲಿ... ನನಗೇನು?

ಏನೂ ಇಲ್ಲದಿದ್ದರೆ ನಿನ್ನೆ ರಾತ್ರಿ ದಿಂಬು ಯಾಕೆ ಒದ್ದೆಯಾಯಿತು?

ಒಂದು ಕಾಲದಲ್ಲಿ ಅವನ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಅರ್ಧ ಅವಳಿಗೇ ಬರುತ್ತಿತ್ತು. ಕಳೆದ ದಸರಾ ಮುಗಿಸಿ ಊರಿಂದ ಬಂದವನು ಅವಳ ಮೇಜಿನ ಮೇಲೆ ಬನ್ನಿ ಎಲೆ ಇಟ್ಟಿದ್ದ. "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ" ಅಂದಿದ್ದ. ಯಲಹಂಕದ ಹುಡುಗಿ ಪದ್ಮಶ್ರೀ ಕೆಂಪಾಗಿ ಹೋಗಿದ್ದಳು. ಪ್ರೀತಿ ಹೇಳಲು ಇದಕ್ಕಿಂತ ಚೆಂದದ ಮಾತು ಇದೆಯಾ!

ಸ್ವಲ್ಪ ಹೊತ್ತಿಗೆ ಅದೇ ಎಲೆ, ಅದೇ ಮಾತು ವೆಂಕಟೇಶಪ್ಪನವರಿಗೆ. ಆಮೇಲೆ ಗೇಟಿನ ಮುನಿಗಂಗಪ್ಪನಿಗೂ!

ಅಂದು ಎಲೆಯನ್ನು ಕಸದ ಬುಟ್ಟಿಗೆ ಎಸೆದವಳು ಮಾತನ್ನೂ ಬಿಟ್ಟಿದ್ದಳು.

ಜೀಷಾನ್ ಸೀಟಿ ಊದಿದ. ಅವಳು ಸಿಟ್ಟಿನಲ್ಲಿ ಮುಂದಕ್ಕೆ ಎಳೆದಳು. ಅವನು ತಡವರಿಸಿದ. ಇಬ್ಬರೂ ಧೊಪ್ಪನೆ ಹುಲ್ಲಿನ ಮೇಲೆ!

"ಬಾಂಡಿಂಗ್ ಅಂದ್ರೆ ಇದು!" ಬಿದ್ದವರನ್ನು ಎತ್ತುವುದು ಬಿಟ್ಟು ಜೀಷಾನ್ ಫೋಟೋ ತೆಗೆದು, ಉಳಿದವರ ಹಿಂದೆ ಓಡಿದ.

"ಪೆಟ್ಟಾತೇನ್ರಿ?" ಶರಣು ಗಾಬರಿಯಾಗಿದ್ದ.

"ನಿಮಗ್ಯಾಕೆ? ಎಲ್ಲರನ್ನೂ ಹೀಗೇ ವಿಚಾರಿಸ್ಕೊಳ್ತೀರಲ್ಲ, ಹೋಗಿ ಮುನಿಗಂಗಪ್ಪನ್ನ ಕೇಳಿ!"

"ಅಂದ್ರ?"

ತಡೆದಿಟ್ಟಿದ್ದೆಲ್ಲ ಒಮ್ಮೆಗೇ ಹೊರಬಿತ್ತು. "ಬಂಗಾರದ ಹಾಗೆ ಇರೋಣ ಅಂತ ಒಬ್ಬಳಿಗೆ ಹೇಳ್ಬೇಕು ಕಣ್ರೀ... ಊರಿಗೆಲ್ಲಾ ಅಲ್ಲ!"

ಶರಣು ಹಣೆ ಚಚ್ಚಿಕೊಂಡ.

"ಅಯ್ಯ... ನಮ್ಮ ಕಡೆ ಬನ್ನಿ ಎಲ್ಲಾರಿಗೂ ಕೊಡ್ತೀವ್ರಿ. ಜಗಳ ಆಡಿದವ್ರಿಗೂ ಕೊಡ್ತೀವಿ. ಅದು ಪದ್ಧತಿ. ನೀವು ಅದನ್ನ ಬುಟ್ಟಿಗೆ ಒಗದದ್ದು ನಾ ನೋಡಿದೆ. ಬನ್ನಿ ಒಗದ್ರ, ನಿನ್ನ ಸಂಬಂಧನ ಬ್ಯಾಡ ಅಂದಂಗ. ಅದಕ್ಕ... ಹುಬ್ಬಳ್ಳಿ ಕೇಳಿದೆ."

ಪದ್ಮಶ್ರೀಗೆ ನೆಲ ಕುಸಿದಂತಾಯಿತು. ಇಷ್ಟು ದಿನ ಇವನೂ ನೋಯುತ್ತಿದ್ದನಾ?

ಆದರೂ ಮುಳ್ಳು ಹೋಗಲಿಲ್ಲ. "ಹಾಗಾದ್ರೆ... ಎಲ್ಲರಂತೆ ನಾನೂ ಒಬ್ಳು. ಅಷ್ಟೇ ತಾನೇ?"

"ಅಲ್ರಿ." ಅವನ ದನಿ ಇಳಿಯಿತು. "ಹಿರಿಯರಿಗೆ ಕೊಟ್ಟು ಕಾಲಿಗೆ ಬಿದ್ದ ಮ್ಯಾಲೇ ಉಳಿದವ್ರಿಗೆ ಕೊಡ್ಬೇಕು. ತಪ್ಪಿದ್ರ ನಮ್ಮವ್ವ ಬೈತಾಳ. ಅವತ್ತು ಬಾಗಲಾಗ ಮುನಿಗಂಗಪ್ಪ ಕಾಕಾ ಇದ್ರು, ಒಳಗ ಸಾಹೇಬ್ರು ಇದ್ರು. ಎಲ್ಲಾರನೂ ದಾಟಿ ಮೊದಲು ನಿಮ್ಮ ಕಡೆ ಬಂದೆ. ಹುಟ್ಟಿದಾಗಿಂದ ನಾ ಹಾಂಗ ಮಾಡಿದ್ದು ಅದೊಂದ ಸಲ."

ಪದ್ಮಶ್ರೀಯ ಕಣ್ಣು ತುಂಬಿ ಬಂತು.

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

"ಅಂಜಿಕಿರಿ... ಈಗ ಹೇಳ್ತೀನಿ. ನೀವಂದ್ರ ನಂಗ ಜೀವ."

ಆಚೆ ಮೈಕಿನಲ್ಲಿ ಗೆದ್ದವರ ಹೆಸರು ಕೂಗುತ್ತಿದ್ದರು. ಪ್ಲಾಸ್ಟಿಕ್ ಕಪ್ಪಿಗಾಗಿ ವೆಂಕಟೇಶಪ್ಪ ಟ್ರೈನರ್ ಜೊತೆ ಜಗಳಕ್ಕೇ ನಿಂತಿದ್ದರು. ಇಂಥ ಫ್ಯಾಮಿಲಿ ಯಾರಿಗೆ ಬೇಕು!

ಅವಳು ಕಣ್ಣೊರೆಸಿಕೊಂಡಳು.

"ನಾಳೆ ಹುಬ್ಬಳ್ಳಿ ಬೇಡ ಅಂತ ಹೇಳಿ. ಮುಂದಿನ ಭಾನುವಾರ ನಮ್ಮನೆಗೆ ಬನ್ನಿ. ಯಲಹಂಕ ಹಳೇ ಟೌನಲ್ಲಿ ಮುನಿಯಲ್ಲಪ್ಪನವರ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ."

"ಯಾಕ್ರಿ?"

"ಹೆಣ್ಣು ಕೇಳೋಕೆ!"

ಶರಣು ಅಂಗೈಗೆ ಅಂಟಿದ ಹುಲ್ಲು ಕೊಡವಿಕೊಂಡ. ಆಮೇಲೆ ಮೆಲ್ಲನೆ ಕೇಳಿದ.

"ಅವ್ವನ್ನೂ ಕರ್ಕೊಂಡ್ ಬರ್ಲೇನ್ರಿ?"

"ಮತ್ತೆ? ಅತ್ತೆನ ಬಿಟ್ಟು ಒಬ್ರೇ ಬಂದ್ರೆ ಬಾಗಿಲೇ ತೆಗೆಯಲ್ಲ, ನೋಡ್ತಿರಿ!"