ಕಿಟಕಿ ಪಕ್ಕದ ಹೆಂಗಸಿನ ಎಡಗೈ

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ವಸ್ತುಸಂಗ್ರಹಾಲಯದ ನಿರ್ದೇಶಕರು ಠಾಣೆಗೆ ಬಂದು ಎರಡು ಫೋಟೊ ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟರು. ಒಂದು ಐದು ವರ್ಷದ ಹಿಂದಿನದು, ಇನ್ನೊಂದು ಮೊನ್ನೆಯದು. ಎರಡರಲ್ಲೂ ಒಂದೇ ಚಿತ್ರ: ಕಿಟಕಿ ಪಕ್ಕ ಕುಳಿತ ಹೆಂಗಸು, ಎಡಗೈ ಚೌಕಟ್ಟಿನ ಮೇಲೆ. ಬರೆದು ಇನ್ನೂರು ವರ್ಷವಾಗಿತ್ತು.

"ಹಳೇ ಬಣ್ಣದ ಬಿರುಕು ಹೆಬ್ಬೆಟ್ಟಿನ ಗುರುತಿದ್ದ ಹಾಗೆ ಮೇಡಂ, ಬದಲಾಗಲ್ಲ. ಇಲ್ಲಿ ಕೆನ್ನೆ ಮೇಲಿನ ಬಿರುಕೇ ಬೇರೆ. ಯಾರೋ ಅಸಲಿ ಎಗರಿಸಿ ನಕಲಿ ನೇತುಹಾಕಿದಾರೆ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಎತ್ತಿ ಹಿಡಿದ. "ಕಳುವಾದ ಮಾಲು ಗೋಡೆ ಮೇಲೇ ಇದೆ ಅಂತ ಎಫ್‌ಐಆರ್‌ನಲ್ಲಿ ಹೇಗೆ ಬರೀಲಿ ಮೇಡಂ?"

"ಅವರು ಹೇಳಿದ ಹಾಗೆ ಬರಿ," ಎಂದಳು ಇನ್‌ಸ್ಪೆಕ್ಟರ್.

ಚಿತ್ರವಿದ್ದ ಕೋಣೆಯ ಕೀಲಿ ರಾತ್ರಿ ಕಾವಲುಗಾರನ ಬಳಿ ಇರುತ್ತಿತ್ತು. ಮೇಲಧಿಕಾರಿಗೆ ಅಷ್ಟು ಸಾಕಾಯಿತು. ಮಧ್ಯಾಹ್ನದೊಳಗೆ ಕಾವಲುಗಾರ ಲಾಕಪ್‌ನಲ್ಲಿದ್ದ, ಅವನ ಹೆಂಡತಿ ಠಾಣೆಯ ಬೆಂಚಿನ ಮೇಲಿದ್ದಳು. ನಾಳೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದರೆ ಅವನು ಸೀದಾ ಜೈಲಿಗೆ. ಬಂಧನ ಪತ್ರಕ್ಕೆ ಸಹಿ ಹಾಕಿದವಳು ಇನ್‌ಸ್ಪೆಕ್ಟರೇ.

"ಮನೆ ಗೋಡೆಗೆ ಸುಣ್ಣ ಹೊಡಿ ಅಂದ್ರೂ ಹೊಡೆಯದ ಮನುಷ್ಯ ಅಕ್ಕ," ಎಂದಳು ಹೆಂಡತಿ. "ಚಿತ್ರ ಬದಲಾಯಿಸೋಕೆ ಹೋಗ್ತಾರಾ?"

ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರ್ ಸಂಗ್ರಹಾಲಯದ ನೆಲಮಾಳಿಗೆಗೆ ಇಳಿದಳು. ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವವನು ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೆಲಸಕ್ಕಿದ್ದ. ಮೇಲಿನವರು ಅವನಿಗೆ ಪಾತಾಳಪ್ಪ ಎಂದು ಹೆಸರಿಟ್ಟಿದ್ದರು.

"ಇಟ್ಟಿಗೆ ಇಡಿ, ಬಾಗಿಲಿಗೆ ಇಟ್ಟಿಗೆ ಇಡಿ!" ಎಂದು ಅವನು ಕೂಗಿದ. ಹೆಡ್ ಕಾನ್‌ಸ್ಟೇಬಲ್ ಕಾಲು ಕೊಟ್ಟು ತಡೆದ. ಬಾಗಿಲಿಗೆ ಒಳಗಡೆ ಹಿಡಿಯೇ ಇರಲಿಲ್ಲ. ಗಂಟೆ ಒತ್ತಿದರೆ ಕಾವಲಿನವರು ಮೇಲಿಂದ ತೆರೆಯಬೇಕು.

"ತೆಗೆಯೋದು ಮರೆತರೆ?"

"ಮರೀತಾರೆ. ರಾತ್ರಿ ಕಾವಲಿನವನೊಬ್ಬ ಮಾತ್ರ ಮರೆಯಲ್ಲ. ಸಂಜೆ ಬಂದ ಕೂಡಲೇ ತೆಗೆದು ಟೀ ಕೊಡ್ತಾನೆ." ಅವನೇ ತಿದ್ದಿಕೊಂಡ. "ಕೊಡ್ತಿದ್ದ."

ಕಿಟಕಿಯಿಲ್ಲದ ಕೋಣೆ. ವಿನೆಗರ್ ಹುಳಿ ವಾಸನೆ ಮೂಗಿಗೆ ಅಡರುತ್ತಿತ್ತು. ಕಪಾಟಿನ ತಳದಲ್ಲಿ ಮುಚ್ಚಿದ ಮಣ್ಣಿನ ಕುಡಿಕೆಗಳಿದ್ದವು.

"ಆ ಚಿತ್ರಕ್ಕೆ ನೀವು ಯಾವತ್ತಾದ್ರೂ ಕೈ ಹಚ್ಚಿದ್ರಾ?"

"ಎಂಟು ವರ್ಷದ ಹಿಂದೆ. ಮಾಡು ಸೋರಿ ಎಡಗೈ ಬೆರಳೆಲ್ಲ ಉದುರಿಹೋಗಿತ್ತು. ತುಂಬಿಸಿದೆ. ಎಲ್ಲರಿಗೂ ಗೊತ್ತಿರೋದೇ."

"ಗುರುತು ಸಿಗದ ಹಾಗೆ?"

ಅವನಿಗೆ ಸಿಟ್ಟು ಬಂತು. "ಕಣ್ಣಿಗೆ ಗುರುತು ಸಿಗಬಾರದು, ಪರೀಕ್ಷೆಗೆ ಸಿಗಬೇಕು. ತೇಪೆಗೆ ಈ ಕಾಲದ ಟೈಟೇನಿಯಂ ಬಿಳಿಯನ್ನೇ ಹಾಕೋದು. ನಾಳೆ ಯಾರಾದರೂ ನೋಡಿದರೆ ಇದು ಚಿತ್ರಕಾರನದ್ದು, ಇದು ತೇಪೆಯವನದ್ದು ಅಂತ ತಿಳೀಬೇಕು. ನಮ್ಮದು ಅಂತ ಒಂದು ಗೆರೆಯೂ ಎಳೆಯೋ ಹಾಗಿಲ್ಲ."

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಪ್ರಯೋಗಾಲಯದಿಂದ ಕರೆ ಬಂತು. ರಸಾಯನ ತಜ್ಞೆ ರಾತ್ರಿಯೆಲ್ಲ ಕೂತು, ಬಣ್ಣದಲ್ಲಿ ಯಾವ ಲೋಹವಿದೆ ಎಂದು ಎಕ್ಸ್‌ರೇ ಯಂತ್ರದಲ್ಲಿ ಹಿಂದಿನ ಸಂಜೆ ಗೋಡೆಯಿಂದ ಇಳಿಸಿ ಕಳಿಸಿದ್ದ ಚಿತ್ರದ ಮೂಲೆ ಮೂಲೆಯನ್ನೂ ನೋಡಿದ್ದಳು.

"ನಿಮ್ಮ ದೂರೇ ಸುಳ್ಳು ಮೇಡಂ. ಬಿಳಿ ಅಷ್ಟೂ ಹಳೇ ಕಾಲದ ಸೀಸದ್ದು. ಟೈಟೇನಿಯಂ ಬಿಳಿ ಬಂದಿದ್ದೇ ಸುಮಾರು ನೂರು ವರ್ಷದಿಂದ ಈಚೆಗೆ, ನಕಲಿ ಮಾಡೋರು ಅಲ್ಲೇ ಸಿಕ್ಕಿಬೀಳೋದು. ಇದರಲ್ಲಿ ಒಂದು ಕಣವೂ ಇಲ್ಲ."

ಫೋಟೊ ನಕಲಿ ಎನ್ನುತ್ತಿತ್ತು, ಯಂತ್ರ ಅಸಲಿ ಎನ್ನುತ್ತಿತ್ತು. ನಡುವೆ ಕಾವಲುಗಾರ ಒಳಗೇ ಕೊಳೆಯುತ್ತಿದ್ದ. ಮೇಲಧಿಕಾರಿ ಫೋನಿನಲ್ಲಿ, "ಬಿರುಕು ಹೊಂದಲ್ಲ ತಾನೇ? ಅವನನ್ನ ಕೋರ್ಟಿಗೆ ಕಳಿಸು, ಆಮೇಲೆ ನೋಡೋಣ," ಎಂದು ಇಟ್ಟುಬಿಟ್ಟರು. ವ್ಯಾನು ಅಂಗಳದಲ್ಲಿ ಸಿದ್ಧವಾಗಿತ್ತು. ಇನ್‌ಸ್ಪೆಕ್ಟರ್ ಮತ್ತೆ ಪ್ರಯೋಗಾಲಯಕ್ಕೆ ಫೋನು ಹಚ್ಚಿದಳು.

"ಎಡಗೈ ಬೆರಳು ನೋಡಿದ್ರಾ?"

"ನೋಡಿದೆ. ಅದೂ ಸೀಸವೇ."

"ತೇಪೆ?"

"ತೇಪೆ ಎಲ್ಲೂ ಇಲ್ಲ."

"ಹಾಗಾದ್ರೆ ಇದು ಆ ಚಿತ್ರ ಅಲ್ಲ. ಅಸಲಿ ಚಿತ್ರದಲ್ಲಿ ಹೊಸ ಬಿಳಿ ಇರಲೇಬೇಕು. ಸೀಸದ ಬಿಳಿ ಎಲ್ಲಿ ಸಿಗುತ್ತೆ?"

"ವಿಷ ಅಂತ ಯಾರೂ ಮಾರಲ್ಲ. ವಿನೆಗರ್ ಆವಿಯಲ್ಲಿ ಸೀಸದ ತಗಡು ಇಟ್ಟು ತಿಂಗಳುಗಟ್ಟಲೆ ಕಾಯಬೇಕು. ಕುಡಿಕೆಯಲ್ಲಿ."

ಇನ್‌ಸ್ಪೆಕ್ಟರ್ ವ್ಯಾನನ್ನು ನಿಲ್ಲಿಸಿದಳು.

ಹನ್ನೊಂದಕ್ಕೆ ಇಬ್ಬರು ಪಂಚರ ಸಮಕ್ಷಮ ನೆಲಮಾಳಿಗೆಯ ಪಂಚನಾಮೆ ನಡೆಯಿತು. ಕುಡಿಕೆಗಳಲ್ಲಿ ಬಿಳಿ ಪುಡಿ ಹಿಡಿದ ಸೀಸದ ಸುರುಳಿಗಳಿದ್ದವು. ಕಪಾಟಿನ ಹಿಂದೆ, ಹತ್ತಿಬಟ್ಟೆಯಲ್ಲಿ ಸುತ್ತಿದ ಅಸಲಿ ಚಿತ್ರ. ಧೂಳಿನ ಒಂದು ಕಲೆಯೂ ಇರಲಿಲ್ಲ. ಪಾತಾಳಪ್ಪ ಓಡಲಿಲ್ಲ. ಓಡಲು ಬಾಗಿಲು ತೆರೆಯುವವರು ಬೇಕಿತ್ತು.

"ಯಾರಿಗೆ ಮಾರೋಕೆ?"

"ಮಾರೋಕಲ್ಲ. ಧೂಳು ತೆಗೆಯೋಕೆ ಕೆಳಗೆ ಬಂದಾಗ ಬದಲಾಯಿಸಿದೆ. ಏಳು ತಿಂಗಳಾಯ್ತು. ಊಟದ ಹೊತ್ತಿಗೆ ಮೇಲೆ ಹೋಗಿ ಜನರ ಹಿಂದೆ ನಿಂತು, ಅವರು ನನ್ನ ಚಿತ್ರ ನೋಡೋದನ್ನ ನೋಡ್ತಿದ್ದೆ."

"ಟೀ ಕೊಡ್ತಿದ್ದವನು ಒಳಗಿದಾನೆ ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು. ಲ್ಯಾಬಿನವರು ಅಸಲಿ ಅಂದ್ರೆ ಅವನೂ ಹೊರಗೆ ಬರ್ತಾನೆ, ನನ್ನ ಚಿತ್ರವೂ ಗೋಡೆ ಮೇಲೇ ಇರುತ್ತೆ ಅಂದ್ಕೊಂಡೆ."

"ಬೆರಳಿಗೆ ಹೊಸ ಬಿಳಿ ಒಂದಿಷ್ಟು ಬಳಿದಿದ್ರೆ ನಾವು ಇಲ್ಲಿಗೆ ಬರ್ತಾನೇ ಇರಲಿಲ್ಲ. ಅಷ್ಟು ತಿಳಿದೋರು ಯಾಕೆ ಹಾಕಲಿಲ್ಲ?"

ಅವನು ಅವಳನ್ನು ಪೆದ್ದಿಯನ್ನು ನೋಡುವಂತೆ ನೋಡಿದ.

"ತೇಪೆ ಯಾಕೆ ಹಾಕಲಿ ಮೇಡಂ? ನನ್ನ ಚಿತ್ರದಲ್ಲಿ ಬೆರಳು ಉದುರಿರಲಿಲ್ಲ."

ಹನ್ನೆರಡೂ ಕಾಲಿಗೆ ಅವನನ್ನು ಬಂಧಿಸಲಾಯಿತು. ಕಾವಲುಗಾರನನ್ನು ಬಿಡಿಸುವ ಕಾಗದ ಸಂಜೆಯೊಳಗೆ ಮುಗಿಯಿತು. ಹೊರಗೆ ಬಂದ ಅವನು ಯಾರ ಮೇಲೂ ಕೂಗಾಡಲಿಲ್ಲ. ಲಾಕಪ್ಪಿನಲ್ಲಿ ಕುಳಿತಿದ್ದ ಪಾತಾಳಪ್ಪನನ್ನು ಒಮ್ಮೆ ನೋಡಿ, ಹೆಂಡತಿಯ ಕೈ ಹಿಡಿದು ಹೊರಟ.

ನಕಲಿ ಚಿತ್ರ ಸಾಕ್ಷ್ಯವಾಗಿ ಠಾಣೆಯ ಮಾಲುಕೋಣೆ ಸೇರಿತು. ಅಲ್ಲೂ ಕಿಟಕಿಯಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಅದನ್ನು ಹಳೆ ಸೈಕಲ್ಲುಗಳ ನಡುವೆ ಗೋಡೆಗೆ ಮುಖ ಮಾಡಿ ಒರಗಿಸಿ ಮೊಹರು ಹಾಕಿದ.

"ಈ ಕಡೆ ತಿರುಗಿಸ್ಲಾ ಮೇಡಂ?"

"ಇಲ್ಲಿ ನೋಡೋರು ಯಾರಿದಾರೆ?" ಎಂದಳು ಇನ್‌ಸ್ಪೆಕ್ಟರ್. ಬಾಗಿಲು ಎಳೆದುಕೊಂಡಳು.